ರೇಂಜ್ ಎಳೆಯುವ ಹಾಳೆ

ಕಾಪಿ, ಮೆಣಸು ಕೊಂಡು ಮಾರಿ ಬದುಕಿದವನು ನಾನು. ಕೈಗೆ ಭಾರ ಸಿಗದ ಸರಕಿಗೆ ಬೆಲೆ ಹೇಳಿ ಅಭ್ಯಾಸವಿಲ್ಲ. ಅಣ್ಣನ ಮಗಳು ಕೋಳಿಕ್ಕೋಡಿನ ಕಾಲೇಜಿನಿಂದ ತಂದ ಕಪ್ಪು ಹಾಳೆಯನ್ನು ಎತ್ತಿ ನೋಡಿ, "ತೂಕವೇ ಇಲ್ಲವಲ್ಲ ಮಗಳೇ, ಇದನ್ನ ಯಾರು ಕೊಳ್ತಾರೆ?" ಎಂದೆ.

"ಹಗುರ ಇರೋದಕ್ಕೇ ಬೆಲೆ ಚಿಕ್ಕಪ್ಪ. ರೇಡಾರಿಗೆ ಕಾಣದ ಹಾಗೆ ವಿಮಾನಕ್ಕೆ ಹೊದಿಸೋ ಹಾಳೆ ಇದು. ಅದಕ್ಕೆ ನಿಮ್ಮ ಮೂಟೆ ಕಟ್ಟೋದಕ್ಕೆ ಆಗ್ತದಾ?"

ನಮ್ಮದೇ ಕಾಪಿ ಸಿಪ್ಪೆ ಸುಟ್ಟ ಇದ್ದಿಲು, ಕಣ್ಣಿಗೆ ಕಾಣದಷ್ಟು ನುಣ್ಣಗಿನ ಕಬ್ಬಿಣದ ಕಣ, ಎರಡನ್ನೂ ರಬ್ಬರ್ ಹಾಲಿನ ನೊರೆಯಲ್ಲಿ ಬೆರೆಸಿ ಮಾಡಿದ್ದಂತೆ. "ಮೈಕ್ರೋವೇವ್ ಅಲೆಗಳನ್ನ ಎಳ್ಕೊಳ್ತದೆ. ಫೋನಿನ ರೇಂಜ್ ಉಂಟಲ್ಲ, ಅದೇ ಜಾತಿ" ಎಂದಳು.

ಕಲ್ಲೂರಿನ ಅಣ್ಣನ ಮನೆಯಲ್ಲಿ ರೇಂಜ್ ಸಿಗುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ, ಅದೂ ಅಣ್ಣನ ಫೋನಿಗೆ. ಹಾಳೆಯನ್ನು ಪರೀಕ್ಷಿಸುವ ಕಾಲೇಜಿನ ಯಂತ್ರ ಸಿಗುತ್ತದೋ ಇಲ್ಲವೋ ಎಂದು ಅವಳ ಮೇಷ್ಟ್ರು ಮರುದಿನ ಬೆಳಿಗ್ಗೆ ಆ ಫೋನಿಗೇ ಹೇಳುವವರಿದ್ದರು. ಇಲ್ಲಿಂದ ಉತ್ತರ ಹೋಗದಿದ್ದರೆ ಸರದಿ ಬೇರೆಯವರಿಗೆ. ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಬೆಳಿಗ್ಗೆ ಅವಳು ಕಾಪಿ ಒಣಗಿಸುವ ಕಣದಲ್ಲಿ ಚೀಲಕ್ಕೆ ಸಿಪ್ಪೆ ತುಂಬುತ್ತಿದ್ದಳು. ಮಧ್ಯಾಹ್ನವಾದರೂ ಫೋನ್ ಬರಲಿಲ್ಲ. ಅಣ್ಣನ ಫೋನಿಗೆ ದಿನವೂ ತಪ್ಪದೆ ಬರುವ ಮೆಣಸಿನ ದರದ ಮೆಸೇಜೂ ಬಂದಿಲ್ಲವೆಂದು ನಾನು ಅಡುಗೆಮನೆಗೆ ಹೋದರೆ, ಕಿಟಕಿಯ ಗಾಜಿಗೆ ಟೇಪಿನಿಂದ ಅಂಟಿದೆ ಹಾಳೆ. ಅದರ ಹಿಂದೆ ಫೋನು.

"ಯಾರಪ್ಪ ಇದನ್ನ ಇಲ್ಲಿ ಹಾಕಿದ್ದು?" ಎಂದು ನನ್ನ ಕೂಗಿಗೆ ಅವಳು ಓಡಿ ಬಂದಳು.

"ನಾನೇ. ಮೇಷ್ಟ್ರ ಫೋನ್ ಚೆನ್ನಾಗಿ ಬರಲಿ ಅಂತ. ರೇಂಜ್ ಎಳೀತದೆ ಅಂದೆಯಲ್ಲ" ಎಂದ ಅಣ್ಣ.

"ಎಳೆದು ನಮಗೆ ಕೊಡೋದಿಲ್ಲಪ್ಪ! ತನ್ನೊಳಗೇ ಬಿಸಿಯಾಗಿಸಿ ಮುಗಿಸಿಬಿಡ್ತದೆ."

ಯಾವ ಸರಕನ್ನೇ ನೋಡಲಿ, ಅದು ತೆಗೆದುಕೊಂಡದ್ದು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಕೇಳಿಬಿಡಬೇಕು. ಅಣ್ಣ ಕೇಳಿರಲಿಲ್ಲ.

ಹಾಳೆ ತೆಗೆದ ಮೇಲೆ ಮೆಸೇಜುಗಳು ಸಾಲಾಗಿ ಬಂದವು. ಅವಳು ಮೇಷ್ಟ್ರಿಗೆ ಫೋನ್ ಮಾಡಿದಳು. ಸರದಿ ಬೇರೆಯವರಿಗೆ ಕೊಟ್ಟಾಗಿತ್ತು. ಅವಳ ಮುಖ ನೋಡಿ ಫೋನ್ ನಾನು ತೆಗೆದುಕೊಂಡು, ಮಲಯಾಳದಲ್ಲೇ ಚೌಕಾಶಿಗೆ ಇಳಿದೆ.

"ಸಾರೇ, ನಿಮ್ಮ ಫೋನ್ ತಡೆದದ್ದೇ ಆ ಹಾಳೆ. ಸರಕು ಒಳ್ಳೇದು ಅನ್ನೋದಕ್ಕೆ ಇನ್ನೇನು ಬೇಕು?"

"ನಿಮ್ಮ ಕಲ್ಲೂರಿಗೆ ಹಾಳೆ ಇಲ್ಲದೆಯೂ ಫೋನ್ ಬರೋದಿಲ್ಲವಲ್ಲ!" ಎಂದು ಮೇಷ್ಟ್ರು ನಕ್ಕರು.

ಮಾತು ಸರಿ. ಆದರೆ ನಕ್ಕವನ ಬಳಿ ಕೇಳುವುದನ್ನು ನಿಲ್ಲಿಸಬಾರದು. ದಿನವೆಲ್ಲ ಬೇಡ, ಬೇರೆಯವರದು ಮುಗಿದ ಮೇಲೆ ಉಳಿಯುವ ಹೊತ್ತಾದರೂ ಕೊಡಿ ಎಂದೆ. "ನಾಳೆ ಸಂಜೆ ಒಂದು ಗಂಟೆ ಹೊತ್ತು ಕೊಡ್ತೇನೆ. ಯಂತ್ರ ಆರಿಸುವುದರೊಳಗೆ ಬರಬೇಕು" ಎಂದರು.

ಅವಳು ಹಾಳೆ ಹರಿಯದಂತೆ ಅಂಚಿನ ಟೇಪನ್ನು ಬಿಡಿಸತೊಡಗಿದಳು. ಅಣ್ಣ ಜೀಪಿಗೆ ಡೀಸೆಲ್ ಹಾಕಿಸಲು ಹೊರಟ.