ತಗಡಿನ ಮೋಡ

ಲೈನ್‌ಮನ್ ಸತ್ತ ಹೊತ್ತಿನಲ್ಲಿ ಹೊಸಪೇಟೆಯ ಮೇಲೆ ಬಿಸಿಲಿತ್ತು. ಸಿಡಿಲಿನ ಮಾತು ಯಾರೂ ನಂಬದೆ ಹೋದದ್ದು ಅದಕ್ಕೇ. ಮೋಡ ಕವಿದದ್ದು ದೂರದಲ್ಲಿ, ಹಂಪಿಯ ಬಂಡೆಗಳ ಮೇಲೆ. ಕಂಪ್ಲಿಯ ಅಕ್ಕಿ ಗಿರಣಿಗೆ ಹೋಗುವ ನಮ್ಮ ಲೈನು ಆ ಬಂಡೆಗಳ ಪಕ್ಕದಲ್ಲೇ ಹಾದು ಹೋಗುತ್ತಿತ್ತು.

ಊರ ಹೊರಗಿನ ಒಂದು ಕಂಬದಲ್ಲಿ ತಂತಿ ಕೂರಿಸುವ ಪಿಂಗಾಣಿ ಒಡೆದಿತ್ತು, ಬದಲಿಸಬೇಕಿತ್ತು. ವಿದ್ಯುತ್ತು ಹುಟ್ಟಿಸುವ ಎಂಜಿನ್ ನಿಲ್ಲಿಸಿದ್ದೆವು. ಕಬ್ಬಿಣದ ಕಂಬ ಹತ್ತುವ ಮೊದಲು ತಂತಿಗಳ ಮೇಲೆ ಸರಪಳಿ ಎಸೆದು ಅದನ್ನು ನೆಲಕ್ಕೆ ಜೋಡಿಸುವುದು ಪದ್ಧತಿ. ತಂತಿಯಲ್ಲಿ ಏನೇ ಇದ್ದರೂ ಮಣ್ಣಿಗೆ ಇಳಿದು ಹೋಗಲಿ ಎಂದು. ಲೈನ್‌ಮನ್ ಸರಪಳಿಗೆಂದು ಚೀಲಕ್ಕೆ ಕೈ ಹಾಕಿದ್ದ. ಗಿರಣಿಯ ಆಳು ಎರಡು ಸಲ ಬಂದು ಅವಸರ ಮಾಡಿ ಹೋಗಿದ್ದ. ನಾನು ಸೂಪರ್‌ವೈಸರ್, ಮೀಸೆ ಸರಿಯಾಗಿ ಬಲಿಯದ ದೊಡ್ಡ ಮನುಷ್ಯ.

"ಎಂಜಿನ್ ಬಂದ್ ಐತಲ್ಲ, ಸರಪಳಿ ಬ್ಯಾಡ. ಜಲ್ದಿ ಹತ್ತಪಾ," ಅಂದೆ.

ದೂರದ ಗುಡುಗು ನಮ್ಮ ಕಿವಿಗೆ ಮುಟ್ಟುವ ಮೊದಲೇ ಅವನು ನನ್ನ ಕಾಲ ಬಳಿ ಬಿದ್ದಿದ್ದ.

ಊರೆಲ್ಲ ಎಂಜಿನ್ ಡ್ರೈವರನ ಮೇಲೆ ತಿರುಗಿ ಬಿತ್ತು. ಮನುಷ್ಯ ಕಂಬದ ಮೇಲಿರುವಾಗ ಮುದುಕ ಎಂಜಿನ್ ಚಾಲೂ ಮಾಡಿದ ಎಂದರು. ಅವನು ಮಕ್ಕಳ ಮೇಲೆ ಆಣೆ ಮಾಡಿದ. ವಿಚಾರಣೆಗೆ ಬಳ್ಳಾರಿಯಿಂದ ಬರುವ ಸಾಹೇಬರು ಒಂದು ಸಾಲು ಬರೆದರೆ ಅವನಿಗೆ ಜೈಲು. ಕಂಬದ ಬುಡದಲ್ಲಿದ್ದ ನಾನು ಎಂಜಿನ್ ಮನೆಯ ಸಾಕ್ಷಿ ಹೇಗೆ ಹೇಳಲಿ? ಸರಪಳಿಯ ಮಾತನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಹೇಡಿತನವೇ, ಈಗ ಅದಕ್ಕೆ ಬೇರೆ ಹೆಸರಿಡುವ ಮನಸ್ಸಿಲ್ಲ.

ದೂರದ ಸಿಡಿಲು ಲೈನನ್ನು ಮುಟ್ಟದೆಯೂ ಅದರಲ್ಲಿ ವಿದ್ಯುತ್ತಿನ ಅಲೆ ಎಬ್ಬಿಸಬಲ್ಲದು ಎಂದು ಮದ್ರಾಸಿನಲ್ಲಿ ಓದುವಾಗ ಬರೆದುಕೊಂಡಿದ್ದೆ. ಲೈನ್‌ಮನ್ ಬಿದ್ದ ಮೇಲೆ ನೆನಪಾಯಿತು. ಎಂಥ ವಿದ್ಯೆ ನೋಡಿ.

ಅದನ್ನು ಸಾಹೇಬರ ಕಣ್ಣಿಗೆ ತೋರಿಸಬೇಕಿತ್ತು. ಹೈಸ್ಕೂಲಿನ ಒಂದು ಕೋಣೆಯಲ್ಲಿ ಗಾಜಿನ ಶೀಶೆಗಳ ಮೇಲೆ ಉದ್ದಕ್ಕೆ ತಂತಿ ಎಳೆದೆ. ಒಂದು ತುದಿಯಲ್ಲಿ, ತಂತಿಗೆ ಮುಟ್ಟದ ಹಾಗೆ, ರೇಷ್ಮೆ ದಾರದಿಂದ ತಗಡು ತೂಗುಹಾಕಿದೆ, ಅದೇ ಮೋಡ. ಇನ್ನೊಂದು ತುದಿಯಲ್ಲಿ ತಂತಿಗೂ ನೆಲಕ್ಕೆ ಜೋಡಿಸಿದ ಮೊಳೆಗೂ ನಡುವೆ ಕೂದಲೆಳೆಯಷ್ಟು ಸಂದು. ಅದೇ ಕಂಬದ ಮೇಲಿನ ಮನುಷ್ಯ. ತಗಡಿಗೆ ವಿದ್ಯುತ್ತು ತುಂಬಲು ಶಾಲೆಯಲ್ಲೊಂದು ಯಂತ್ರವಿತ್ತು, ಗಾಜಿನ ತಟ್ಟೆಗಳನ್ನು ತಿರುಗಿಸಿ ಕಿಡಿ ಹುಟ್ಟಿಸುವಂಥದು. ಆದರೆ ಆ ವಾರವಿಡೀ ಜಿಟಿಜಿಟಿ ಮಳೆ. ಹಸಿ ಹವೆಗೆ ಯಂತ್ರ ಸತ್ತಂತೆ ಕೂತಿತ್ತು. ತೋಳು ಬಿದ್ದು ಹೋಗುವ ತನಕ ತಿರುಗಿಸಿದೆ, ಬೈದೆ, ದೇವರಿಗೆ ಹರಕೆ ಹೊತ್ತೆ. ಡ್ರೈವರ್ ಬಾಗಿಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದ. ಆ ನೋಟಕ್ಕೆ ಎಲ್ಲಾದರೂ ಓಡಿ ಹೋಗಬೇಕು ಅನ್ನಿಸುತ್ತಿತ್ತು.

ವಿಚಾರಣೆಯ ದಿನ ಬೆಳಗಿನಿಂದ ನಾಲ್ಕು ಇದ್ದಿಲ ಒಲೆ ಹೊತ್ತಿಸಿ, ಬಾಣಂತಿ ಕೋಣೆಯ ಹಾಗೆ ಕಿಟಕಿ ಮುಚ್ಚಿ, ಗಾಜನ್ನು ಕಾಯಿಸಿದೆವು. ಸಾಹೇಬರು ಬಂದು ಕೂತರು. ಸತ್ತವನ ಹೆಂಡತಿ ಗೋಡೆಗೆ ಒರಗಿ ನಿಂತಳು. ಯಂತ್ರ ತಿರುಗಿಸಿ ತಗಡಿಗೆ ವಿದ್ಯುತ್ತು ತುಂಬಿಸಿದೆ, ಆಮೇಲೆ ಅದಕ್ಕೆ ನೆಲದ ತಂತಿ ಮುಟ್ಟಿಸಿದೆ. ಸಿಡಿಲು ಆ ತುದಿಯಲ್ಲಿ ಚಟ್ ಅಂದಿತು. ಅದೇ ಕ್ಷಣ ಈ ತುದಿಯ ಸಂದಿನಲ್ಲೂ ಕಿಡಿ ಹಾರಿತು.

ಸಾಹೇಬರು ಮೂರು ಸಲ ಮಾಡಿಸಿ ನೋಡಿದರು. ಎಂಜಿನ್ ಡ್ರೈವರನ ತಪ್ಪಿಲ್ಲ, ಇದು ದೈವಾಧೀನ ಎಂದು ಬರೆದು ಕಾಗದ ಮಡಚಿದರು. ಮುದುಕ ಬಿಕ್ಕಿ ಬಿಕ್ಕಿ ಅಳುತ್ತ ನನ್ನ ಕಾಲಿಗೆ ಬೀಳಲು ಬಂದ. ನನಗೆ ನಾಚಿಕೆಯಿಂದ ಮೈ ಸುಟ್ಟಂತಾಯಿತು.

ಆಗ ಆಕೆ ಮುಂದೆ ಬಂದಳು. "ನಮ್ಮ ಮನಿಯವರ ಚೀಲದಾಗ ಸರಪಳಿ ಮಡಚಿದ್ದು ಮಡಚಿದಂಗ ಐತ್ರಿ. ಅದನ್ನ ಹಾಕಿದ್ರ ಏನಾಕ್ಕಿತ್ತು, ತೋರಸ್ರಿ."

ತಂತಿಗೆ ತಾಮ್ರದ ತುಂಡೊಂದನ್ನು ಸುತ್ತಿ ನೆಲಕ್ಕೆ ಜೋಡಿಸಿದೆ. ತಗಡಿನ ಕಡೆ ಚಟ್ ಅಂದಿತು. ಸಂದಿನಲ್ಲಿ ಏನೂ ಇಲ್ಲ. ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದಳು. ಒಂದೇ ಒಂದು ಕಿಡಿ ಹಾರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾರಲಿಲ್ಲ.

"ಅವ್ರು ಮರಿಯೋ ಮನಷ್ಯಾ ಅಲ್ರಿ," ಅಂದಳು. "ಬ್ಯಾಡ ಅಂದವ್ರು ಯಾರು?"

"ನಾನು," ಅಂದೆ.

ಸಾಹೇಬರು ಮಡಚಿದ ಕಾಗದವನ್ನು ಬಿಚ್ಚಲಿಲ್ಲ. ಬಿಚ್ಚಿರಿ ಎಂದು ನಾನೂ ಕೇಳಲಿಲ್ಲ.