ಮೊದಲ ಸಾಲಿನ ಕೆಳಗೆ

ಬಂಟ್ವಾಳ ಪೇಟೆಯ ಜನ ರಕ್ತಪರೀಕ್ಷೆಯ ಕಾಗದದಲ್ಲಿ ಓದುವುದು ಒಂದೇ ಒಂದು ಸಾಲು: ಹಿಮೋಗ್ಲೋಬಿನ್. ಅದರ ಕೆಳಗೆ ಇನ್ನೂ ಹದಿನೆಂಟು ಸಾಲುಗಳಿವೆ. ಅವು ಯಾಕಿವೆ ಎಂದು ಕೇಳಿದ ಒಬ್ಬರನ್ನೂ ನಸೀಬಾ ಇಪ್ಪತ್ತನಾಲ್ಕು ವರ್ಷಗಳಲ್ಲಿ ಕಂಡಿಲ್ಲ. ಲ್ಯಾಬಿನ ಕೌಂಟರಿಗೆ ಮೊಣಕೈ ಊರಿ, "ರಕ್ತ ಎಷ್ಟುಂಟು?" ಎನ್ನುತ್ತಾರೆ. ಹದಿಮೂರು ಎಂದರೆ ಮುಖ ಅರಳುತ್ತದೆ, ಹತ್ತು ಎಂದರೆ ಬೀಟ್‌ರೂಟ್ ತರಲು ಓಡುತ್ತಾರೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ತುರುಕಿದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು.

ನಸೀಬಾ ಮೂಡುಬಿದಿರೆಯವಳು. ಪಿಯುಸಿ ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರುತ್ತೇನೆಂದಾಗ, ಊರವರ ರಕ್ತ, ಮೂತ್ರ ಹಿಡಿದುಕೊಂಡು ಕೂರುವ ಹಣೆಬರಹ ಯಾಕೆ ಎಂದು ಮನೆಯಲ್ಲಿ ರಂಪವಾಗಿತ್ತು. ಮದುವೆಯಾಗಿ ಬಂಟ್ವಾಳಕ್ಕೆ ಬಂದಳು. ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಗಂಡ ಸುಲೈಮಾನ್, "ಮನೆಯಲ್ಲಿ ಕೂತು ನನ್ನ ತಲೆ ತಿನ್ನುವುದಕ್ಕಿಂತ ಅದೇ ವಾಸಿ" ಎಂದ. ಮರುತಿಂಗಳೇ ಪೇಟೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವಳು ಸೂಜಿ ಚುಚ್ಚಿದರೆ ಮಕ್ಕಳೂ ಅಳುವುದಿಲ್ಲ ಎಂದು ಹೆಸರಾಯಿತು. ಬಾಯಿಯ ವಿಷಯದಲ್ಲಿ ಅಂಥ ಹೆಸರೇನೂ ಬರಲಿಲ್ಲ.

"ಅಂಗಡಿಯಿಂದ ಅಕ್ಕಿ ತಂದರೆ ತೂಕ ಮಾತ್ರ ನೋಡ್ತೀರಾ?" ಎಂದು ಬಂದವರಿಗೆಲ್ಲ ದಬಾಯಿಸುತ್ತಿದ್ದಳು. "ಕಾಳು ನುಚ್ಚಾಗಿದೆಯಾ, ಬೇರೆ ಅಕ್ಕಿ ಕಲಸಿದ್ದಾರಾ ಅಂತ ನೋಡುವುದಿಲ್ವಾ? ರಕ್ತದ ಕೆಂಪು ಕಣವೂ ಹಾಗೇ. ಅದರ ಗಾತ್ರ ಎಷ್ಟುಂಟು, ಎಲ್ಲ ಒಂದೇ ಅಳತೆಯಲ್ಲಿ ಉಂಟಾ, ಅದೆಲ್ಲ ಕೆಳಗೆ ಬರೆದುಂಟು. ಕಾಯಿಲೆ ಹೊರಗೆ ಕಾಣುವ ಮೊದಲೇ ಕೆಲವು ಸಲ ಅಲ್ಲಿ ಕಾಣ್ತದೆ. ಓದಿ ಮಾರಾಯ್ರೇ!" ಬಂದವರು ತಲೆಯಾಡಿಸಿ, "ಹಾಗಾದ್ರೆ ರಕ್ತ ಎಷ್ಟುಂಟು?" ಎಂದು ಮತ್ತೆ ಕೇಳುತ್ತಿದ್ದರು.

ಲ್ಯಾಬಿನ ಎದುರಿಗೇ ಚಿನ್ನಯ್ಯನವರ ಹೊಟೇಲು. ಬನ್ಸ್, ಗೋಳಿಬಜೆಗೆ ಪೇಟೆಯಲ್ಲೇ ಹೆಸರಾದದ್ದು. ನೇತ್ರಾವತಿಯ ನೆರೆ ಪೇಟೆಗೆ ನುಗ್ಗಿದ ವರ್ಷ, ರಕ್ತ ಪರೀಕ್ಷಿಸುವ ಯಂತ್ರವನ್ನು ತಬ್ಬಿಕೊಂಡು ಮೊಣಕಾಲುದ್ದ ನೀರಿನಲ್ಲಿ ಮಹಡಿ ಹತ್ತಿದವರು ಅವರೇ. ಆಮೇಲೆ ನಸೀಬಾಳಿಗೆ ಅವರು ಒಡಹುಟ್ಟಿದವರ ಲೆಕ್ಕ. ಹೊಟೇಲಿನವರಿಗೆ ವರ್ಷಕ್ಕೊಮ್ಮೆ ಆರೋಗ್ಯ ಸರ್ಟಿಫಿಕೇಟು ಬೇಕು, ಅದಿಲ್ಲದೆ ಲೈಸೆನ್ಸು ಮುಂದುವರಿಯುವುದಿಲ್ಲ. ಹಾಗಾಗಿ ಪ್ರತಿ ವರ್ಷ ಚಿನ್ನಯ್ಯನವರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ರಕ್ತ ಕೊಡಲು ಬರುತ್ತಿದ್ದರು.

ಈ ಸಲ ಯಂತ್ರದಿಂದ ಬಂದ ಕಾಗದ ನೋಡಿ ನಸೀಬಾ ಹುಬ್ಬು ಗಂಟಿಕ್ಕಿದಳು. ಹಿಮೋಗ್ಲೋಬಿನ್ ಹದಿಮೂರು, ತಕರಾರಿಲ್ಲ. ಆದರೆ ಕಣಗಳ ಸರಾಸರಿ ಗಾತ್ರ ಎಂಬತ್ತಕ್ಕಿಂತ ಕೆಳಗಿರಬಾರದು, ಇಲ್ಲಿ ಎಪ್ಪತ್ತೇಳಿತ್ತು. ಕಣಕಣಗಳ ನಡುವಿನ ಅಳತೆಯ ವ್ಯತ್ಯಾಸ ಹದಿನಾಲ್ಕೂವರೆ ದಾಟಬಾರದು, ಇಲ್ಲಿ ಹತ್ತೊಂಬತ್ತಿತ್ತು. ಗಾಜಿನ ಮೇಲೆ ಒಂದು ಹನಿ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಸಣಕಲು, ಬಿಳಿಚಿದ ಕಣಗಳ ಗುಂಪಿನಲ್ಲಿ ಅಲ್ಲಲ್ಲಿ ತುಂಬಿಕೊಂಡ ಹೊಸ ಕಣಗಳು. ದೇಹಕ್ಕೆ ಕಬ್ಬಿಣ ಸಾಲದೆ ಬಂದ ಹಳೆಯವು ಒಂದು ಕಡೆ, ಈಚೆಗೆ ಯಾರೋ ಕಬ್ಬಿಣ ಕೊಟ್ಟು ಹುಟ್ಟಿಸಿದವು ಇನ್ನೊಂದು ಕಡೆ.

ಸಂಜೆ ಕಾಗದಕ್ಕೆ ಬಂದ ಚಿನ್ನಯ್ಯನವರು ಮೊದಲ ಸಾಲು ನೋಡಿ, "ಪಾಸ್!" ಎಂದರು.

"ಟಾನಿಕ್ ಏನಾದರೂ ತಗೊಳ್ತಿದ್ದೀರಾ ಚಿನ್ನಯ್ಯಣ್ಣ?"

"ಹೌದಲ್ಲ. ಪರೀಕ್ಷೆಗೆ ಮೂರು ವಾರ ಇರುವಾಗ ಶುರು ಮಾಡ್ತೇನೆ. ಕಬ್ಬಿಣದ್ದು. ಹೋದ ವರ್ಷವೂ ಹಾಗೇ ಮಾಡಿದ್ದು. ಏರು ಹತ್ತುವಾಗ ಸ್ವಲ್ಪ ದಮ್ಮು ಬರ್ತಿತ್ತು, ಫೇಲಾದ್ರೆ ಲೈಸೆನ್ಸಿಗೆ ಕಷ್ಟ. ಓದದೆ ಪರೀಕ್ಷೆಗೆ ಕೂರ್ಲಿಕ್ಕೆ ಆಗ್ತದಾ?" ಎಂದು ಅವರು ಹೆಮ್ಮೆಯಿಂದ ನಕ್ಕರು.

ನಸೀಬಾಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಇದು ಎಸ್ಸೆಸ್ಸೆಲ್ಸಿಯಾ? ದಿನಾ ಮೀನು ತಿನ್ನುವ ಗಂಡಸು ನೀವು. ಅರುವತ್ತೊಂದರಲ್ಲಿ ನಿಮಗೆ ಕಬ್ಬಿಣ ಯಾಕೆ ಕಡಿಮೆ ಆಗಬೇಕು? ಒಳಗೆ ಎಲ್ಲೋ ರಕ್ತ ಸೋರ್ತಾ ಉಂಟು. ಮಂಗಳೂರಿಗೆ ಹೋಗಿ ಕರುಳಿನ ಡಾಕ್ಟರಿಗೆ ತೋರಿಸಿ."

"ಹದಿಮೂರು ಉಂಟಲ್ಲ ಮಾರಾಯ್ತಿ! ನಿನಗೆ ಎಲ್ಲದರಲ್ಲೂ ಹುಳುಕು ಕಾಣ್ತದೆ."

ಪೆಥಾಲಜಿ ಡಾಕ್ಟರು ವಾರಕ್ಕೆ ಎರಡು ದಿನ ಬರುವವರು. ಅವರೂ ಸ್ಲೈಡು ನೋಡಿ, ಹೆಚ್ಚಿನ ತಪಾಸಣೆ ಬೇಕು ಎಂದು ಕಾಗದದ ಕೊನೆಯಲ್ಲಿ ಬರೆದರು. ಸರ್ಟಿಫಿಕೇಟು ಕೊಡುವ ಡಾಕ್ಟರು ಮಾತ್ರ ಮೊದಲ ಸಾಲು ನೋಡಿ ಮೊಹರು ಒತ್ತಿಬಿಟ್ಟರು. ಮರುದಿನ ಸರ್ಟಿಫಿಕೇಟು ಗಾಜಿನ ಕಟ್ಟು ಹಾಕಿಸಿಕೊಂಡು ಹೊಟೇಲಿನ ಗೋಡೆ ಏರಿತು. ರಸ್ತೆಯಾಚೆಯಿಂದ ಅದನ್ನು ನೋಡುವಾಗೆಲ್ಲ ನಸೀಬಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹತ್ತು ದಿನ ಚಿನ್ನಯ್ಯನವರ ಬೆನ್ನು ಬಿದ್ದು ಹೇಳಿದಳು. ಮಳೆ ನಿಲ್ಲಲಿ ಎಂದರು, ಅಡುಗೆಯವ ಊರಿಗೆ ಹೋಗಿದ್ದಾನೆ ಎಂದರು, ಪೊಳಲಿಯಲ್ಲಿ ಒಂದು ಮದುವೆಯ ಊಟ ಒಪ್ಪಿಕೊಂಡಿದ್ದೇನೆ ಎಂದರು.

ಕೊನೆಗೆ ನಸೀಬಾ ಹೊಟೇಲಿನ ಅಡುಗೆಕೋಣೆಗೇ ನುಗ್ಗಿ, ಚಿನ್ನಯ್ಯನವರ ಹೆಂಡತಿ ವಿನೋದಾರ ಎದುರು ನಿಂತಳು. "ವಿನೋದಕ್ಕ, ಒಂದು ತಿಂಗಳು ಇವರಿಗೆ ಟಾನಿಕ್ ಕೊಡಬೇಡಿ. ಆಮೇಲೆ ಪರೀಕ್ಷೆ ಮಾಡುವ. ರಕ್ತ ಇಳಿಯದಿದ್ದರೆ ನಾನು ಇನ್ನು ಬಾಯಿ ತೆರೆಯುವುದಿಲ್ಲ."

"ನೀನು ಬಾಯಿ ಮುಚ್ಚುವುದಾದರೆ ಎರಡು ತಿಂಗಳು ಬೇಕಾದರೂ ಬಿಡ್ತೇನೆ" ಎಂದು ಚಿನ್ನಯ್ಯನವರು ಹೊರಗಿನಿಂದಲೇ ಕೂಗಿದರು. ವಿನೋದಾ ಬಾಟಲಿ ಹುಡುಕಿ ತೆಗೆದು ಮೋರಿಗೆ ಸುರಿದರು.

ತಿಂಗಳು ಕಳೆಯುವಾಗ ಹದಿಮೂರು ಹನ್ನೊಂದಕ್ಕೆ ಇಳಿದಿತ್ತು. ಮೊದಲ ಸಾಲೇ ಕೈಕೊಟ್ಟ ಮೇಲೆ ಚಿನ್ನಯ್ಯನವರು ಸದ್ದಿಲ್ಲದೆ ಮಂಗಳೂರಿನ ಬಸ್ಸು ಹತ್ತಿದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರಿನ ಗಡ್ಡೆ ಇತ್ತು. ಕಣ್ಣಿಗೆ ಕಾಣದಷ್ಟು ರಕ್ತ ದಿನಾ ಅಲ್ಲಿಂದ ಸೋರುತ್ತಿತ್ತು. ಆಪರೇಷನ್ ಆಯಿತು.

"ನೀನು ಹಠ ಹಿಡಿಯದಿದ್ದರೆ ನನ್ನ ಗತಿ ಏನಾಗ್ತಿತ್ತು ನಸೀಬಾ?" ವಿನೋದಾ ಲ್ಯಾಬಿಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡು ಅತ್ತರು. "ಪಕ್ಕದ ಗಂಟುಗಳಿಗೂ ಸ್ವಲ್ಪ ಹರಡಿದೆಯಂತೆ. ಆರು ತಿಂಗಳು ಇಂಜೆಕ್ಷನ್ ಉಂಟು. ಒಂದು ವರ್ಷ ಮೊದಲು ಬಂದಿದ್ದರೆ ಆಪರೇಷನ್ನಿಗೇ ಮುಗೀತಿತ್ತು ಅಂದರು ಡಾಕ್ಟರು. ಏನು ಮಾಡುವುದು, ಆಗ ಯಾರಿಗೆ ಗೊತ್ತಿತ್ತು?"

ಸುದ್ದಿ ಪೇಟೆಯೆಲ್ಲ ಹರಡಿತು. ಈಗ ಜನ ಹಳೆಯ ಕಾಗದಗಳ ಕಟ್ಟು ಹೊತ್ತುಕೊಂಡು ಬಂದು, "ನನ್ನದೂ ಕೆಳಗಿನ ಸಾಲು ನೋಡಿ" ಎಂದು ಸಾಲುಗಟ್ಟಿದರು. ಒಂದು ಅಂಕಿ ಕೂದಲೆಳೆಯಷ್ಟು ಆಚೀಚೆ ಇದ್ದರೂ ತಮಗೂ ಗಡ್ಡೆ ಎಂದು ಗೋಳಾಡತೊಡಗಿದರು. "ಮೊದಲು ಓದುತ್ತಿರಲಿಲ್ಲ, ಈಗ ಓದಿ ಪ್ರಾಣ ತಿನ್ತಾರೆ" ಎಂದು ನಸೀಬಾ ಮನೆಯಲ್ಲಿ ರೇಗಿದಳು.

ಆದರೆ ಅವಳಿಗೆ ಹತ್ತಿದ ಸಿಟ್ಟು ಅವರ ಮೇಲಿನದ್ದಾಗಿರಲಿಲ್ಲ. ಒಂದು ವರ್ಷ ಮೊದಲು ಎಂಬ ಮಾತು ಕಿವಿಯಿಂದ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಲ್ಯಾಬ್ ಖಾಲಿಯಿದ್ದಾಗ ಕಂಪ್ಯೂಟರಿನಲ್ಲಿ ಚಿನ್ನಯ್ಯನವರ ಹೆಸರು ಹೊಡೆದಳು. ಕಣಗಳ ಗಾತ್ರ ಮೂರು ವರ್ಷದ ಹಿಂದೆ ಎಂಬತ್ತೊಂಬತ್ತು, ಮರುವರ್ಷ ಎಂಬತ್ತಾರು, ಹೋದ ವರ್ಷ ಎಂಬತ್ತೊಂದು. ಮೂರೂ ಮಿತಿಯೊಳಗೇ, ಮೂರೂ ಇಳಿಯುತ್ತಾ. ಅಳತೆಯ ವ್ಯತ್ಯಾಸ ಹೋದ ವರ್ಷವೇ ಹದಿನಾರರ ಹತ್ತಿರ ಬಂದಿತ್ತು. ಹೆಚ್ಚಾಗಿದೆ ಎಂದು ಯಂತ್ರ ಅದರ ಪಕ್ಕದಲ್ಲಿ ಗುರುತನ್ನೂ ಹಾಕಿತ್ತು. ಕೆಳಗೆ ಅವಳದೇ ಸಹಿ. ಅಂದು ಅವಳು ಬಾಗಿಲಲ್ಲಿ ನಿಂತು ರಸ್ತೆಯಾಚೆಗೆ, "ಹದಿಮೂರು ಉಂಟು ಚಿನ್ನಯ್ಯಣ್ಣ, ಫಸ್ಟ್ ಕ್ಲಾಸ್!" ಎಂದು ಕೂಗಿದ್ದು ಸರಿಯಾಗಿ ನೆನಪಿತ್ತು.

"ಈಗ ಅವರಿಗೆ ಹೇಳಿ ಏನು ಪ್ರಯೋಜನ?" ಎಂದ, ರಾತ್ರಿ ವಿಷಯ ಕೇಳಿದ ಸುಲೈಮಾನ್. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಎರಡು ದಿನ ಅವಳು ಮತ್ತೆ ಮತ್ತೆ ಕಂಪ್ಯೂಟರಿನಲ್ಲಿ ಅದನ್ನೇ ತೆರೆದು ನೋಡಿದಳು. ಮೂರನೆಯ ದಿನ ಹಳೆಯ ಕಾಗದವನ್ನು ಪ್ರಿಂಟ್ ತೆಗೆದುಕೊಂಡು ರಸ್ತೆ ದಾಟಿದಳು.

ಚಿನ್ನಯ್ಯನವರು ಹೊಟೇಲಿನ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂಗಿ ಹೆಗಲಿನಿಂದ ಜೋತು ಬಿದ್ದಿತ್ತು.

"ಇದು ಹೋದ ವರ್ಷದ್ದು. ಮೊದಲ ಸಾಲು ಬಿಡಿ. ಕೆಳಗೆ ನೋಡಿ."

ಅವರು ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಯಂತ್ರ ಹಾಕಿದ ಗುರುತಿನ ಹತ್ತಿರ ಬೆರಳು ನಿಂತಿತು.

"ಇದು ಆಗಲೇ ಹೇಳಿತ್ತಾ?"

"ಹೇಳಿತ್ತು. ನಾನು ನೋಡಲಿಲ್ಲ."

ಬರುವಾಗ ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದಳು: ಅಂದು ನಲವತ್ತು ಜನ ಕಾಯುತ್ತಿದ್ದರು, ಟಾನಿಕ್ ಕುಡಿದದ್ದು ನೀವು ಹೇಳಲಿಲ್ಲ. ಒಂದೂ ಬಾಯಿಗೆ ಬರಲಿಲ್ಲ. ಚಿನ್ನಯ್ಯನವರು ಕನ್ನಡಕ ತೆಗೆದು ಕಿಸೆಗೆ ಹಾಕಿದರು.

"ಊರಿಗೆಲ್ಲ ಬೈತಿದ್ದಿಯಲ್ಲ ಮಾರಾಯ್ತಿ" ಎಂದರು. ಸಿಟ್ಟಿತ್ತು, ಆದರೆ ದನಿ ಎತ್ತುವಷ್ಟು ತ್ರಾಣ ಇರಲಿಲ್ಲ. ಕಾಗದವನ್ನು ಅವಳ ಕೈಗೇ ಮರಳಿಸಿದರು. "ವಿನೋದಾ ಒಳಗಿದ್ದಾಳೆ. ದಿನಾ ಸಂಜೆ ದೇವರಿಗೆ ಕೈ ಮುಗಿಯುವಾಗ ನಿನ್ನ ಹೆಸರು ಹೇಳ್ತಾಳೆ. ಅವಳಿಗೆ ನೀನೇ ಓದಿ ಹೇಳು. ನನ್ನಿಂದ ಆಗುವುದಿಲ್ಲ."

ನಸೀಬಾ ಕಾಗದ ಹಿಡಿದುಕೊಂಡು ಒಳಗೆ ಹೋದಳು.