ದುಬೈ ಕಂಪ್ಯೂಟರಿಗೆ ತಗಲಿದ ದೃಷ್ಟಿ

ರೋಣದ ಟೈಪಿಂಗ್ ಮಾಸ್ತರ ಈಶಪ್ಪನವರ ಹೊಟ್ಟೆಕಿಚ್ಚು ಊರಿಗೇ ಗೊತ್ತಿದ್ದ ಸಂಗತಿ. ನೆರೆಮನೆಯ ಎಮ್ಮೆ ಹೆಚ್ಚು ಹಾಲು ಕರೆದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಥವರ ಎದುರಿನ ಮಳಿಗೆಯಲ್ಲೇ ೨೦೦೩ರಲ್ಲಿ ಸಲಾವುದ್ದೀನ ಕಂಪ್ಯೂಟರ್ ಕ್ಲಾಸು ತೆರೆಯುತ್ತಾನೆಂದರೆ ಏನಾಗಬೇಡ!

ಸಲಾವುದ್ದೀನ ಅವರ ಹಳೆಯ ಶಿಷ್ಯ. ಟೈಪಿಂಗ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ದುಬೈಗೆ ಹೋಗಿ, ಯಾವುದೋ ಆಫೀಸಿನಲ್ಲಿ ಚಹಾ ಕೊಡುತ್ತಿದ್ದವನು. ಆ ಆಫೀಸಿನವರು ತೆಗೆದುಹಾಕಿದ ಹಳೆಯ ಕಂಪ್ಯೂಟರುಗಳನ್ನು ಕೇಳಿ ಪಡೆದು, ಬಂಧುಗಳಿಗೆಂದು ಕೊಂಡಿದ್ದ ಕಂಬಳಿಗಳಲ್ಲೇ ಸುತ್ತಿ ಹಡಗಿಗೆ ಹಾಕಿಸಿದ್ದ. ಮುಂಬೈ ಬಂದರಿನಲ್ಲಿ ಕಸ್ಟಮ್ಸಿನವರು ಅವನ್ನು ತಡೆದಿದ್ದಾರೆಂಬ ಸುದ್ದಿ ಬಂದ ದಿನ ಈಶಪ್ಪನವರು ಹೋಟೆಲಿನಲ್ಲಿದ್ದವರಿಗೆಲ್ಲ ಚಹಾ ಕುಡಿಸಿದರು.

"ದುಬೈದವರು ಒಗದ ಕಸಾ ಐತಿ ಅದು. ಸರಕಾರ ಹ್ಯಾಂಗ ಒಳಗ ಬಿಡತೈತ್ರಿ?" ಎಂದರು.

ಸರಕಾರ ಬಿಟ್ಟಿತು. ಕಂಪ್ಯೂಟರುಗಳು ಲಾರಿಯೇರಿ ರೋಣಕ್ಕೆ ಬಂದಿಳಿದವು. ಟೈಪಿಂಗಿಗೆ ಬರುತ್ತಿದ್ದವರೆಲ್ಲ ಅತ್ತ ಓಡಿದರು. ಉಳಿದವಳು ಶೈಲಶ್ರೀ ಒಬ್ಬಳೇ. ಅವಳೂ ಹೋದರೆ ಮಾಸ್ತರರ ಕ್ಲಾಸಿಗೆ ಬೀಗ ಬೀಳುವುದೇ.

ಉದ್ಘಾಟನೆಗೆ ಮಾಸ್ತರರನ್ನೂ ಕರೆದಿದ್ದರು. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರಲ್ಲ, ಹೋದರು. ಶೈಲಶ್ರೀಯೂ ಬಂದಿದ್ದಳು. ಸಲಾವುದ್ದೀನ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಊಹೂಂ. ಈಶಪ್ಪನವರ ಹೊಟ್ಟೆ ತಣ್ಣಗಾಯಿತು.

"ನಜರ ಆಗೈತಿ," ಎಂದಳು ಸಲಾವುದ್ದೀನನ ತಾಯಿ ಜಮಾಲಬಿ. "ಸಮುದ್ರ ದಾಟಿ ಬಂದ ಸಾಮಾನ, ಯಾರ ಕಣ್ಣ ಬಿತ್ತೋ ಏನೋ!"

ಕೆಂಡ ತರಿಸಿದಳು. ಒಣಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ಯಾರದೋ ಕೆಟ್ಟ ಕಣ್ಣು ತಗಲಿದ್ದು ಖರೇ ಎಂದು ಊರಿನ ನಂಬಿಕೆ. ನೆರೆದವರು ಒಬ್ಬೊಬ್ಬರಾಗಿ ಮಾಸ್ತರರ ಕಡೆ ನೋಡತೊಡಗಿದರು. ಅಯ್ಯೋ, ಘಾಟು ಬರದೇ ಹೋದರೆ ಗತಿಯೇನು? ಈಶಪ್ಪನವರು ಬೆವೆತುಹೋದರು. ಜಮಾಲಬಿ ಮುಚ್ಚಿದ ಮುಷ್ಟಿಯನ್ನು ಕಂಪ್ಯೂಟರಿಗೆ ಇಳಿತೆಗೆದು ಕೆಂಡದ ಕಡೆ ತಿರುಗಿದ್ದೇ ತಡ, ಮಾಸ್ತರರು ಟವೆಲ್ಲು ಬಾಯಿಗೊತ್ತಿಕೊಂಡು ಖೊಕ್ ಖೊಕ್ ಎಂದು ಕೆಮ್ಮತೊಡಗಿದರು.

"ಅಬ್ಬಬ್ಬಾ, ಏನ ಘಾಟರಿ! ಕಣ್ಣಾಗ ನೀರ ಬಂತ ನೋಡ್ರಿ. ಯಾರ ದೃಷ್ಟೀನೂ ಇಲ್ಲ ಬಿಡ್ರಿ!"

ಜಮಾಲಬಿ ಮುಷ್ಟಿ ಬಿಚ್ಚಿ ತೋರಿಸಿದಳು.

"ಮೆಣಸಿನಕಾಯಿ ಇನ್ನೂ ನನ್ನ ಕೈಯಾಗಽ ಅದಾವ್ರಿ, ಮಾಸ್ತರ."

ಎಲ್ಲರಿಗಿಂತ ಮೊದಲು ನಕ್ಕವಳು ಶೈಲಶ್ರೀ. ನಗುತ್ತಲೇ ಸಲಾವುದ್ದೀನನಿಗೆ ಹೇಳಿದಳು: "ಅದು ಚಾಲೂ ಆಗಲಿ ಬಿಡಲಿ, ನನ್ನ ಹೆಸರೂ ಬರಕೋರಿ."